ಗುಲ್ಜಾರಬಿಯ ಅಂಗಳದ ಏಳನೆಯ ಎಮ್ಮೆ

ಉಣಕಲ್, ಹುಬ್ಬಳ್ಳಿ
೧೦ ಸೆಪ್ಟೆಂಬರ್ ೨೦೨೪

ವಾಣಿ,

ಮೊದಲು ನೆಟ್ಟಗೆ ಕುಳಿತುಕೊ. ಅಡ್ಡಬಿದ್ದು, ಒಂದು ಕಣ್ಣು ಮೊಬೈಲಿನಲ್ಲಿ ಇಟ್ಟುಕೊಂಡು ಓದುವ ಕಾಗದ ಇದಲ್ಲ. ವಾರಕ್ಕೆ ನಾಲ್ಕು ಸಲ ವಿಡಿಯೋ ಮಾಡುತ್ತಿ, ಒಂದು ಕಾಗದ ಬರೆಯಲು ನಿನಗೆ ಕೈ ಏಳುವುದಿಲ್ಲ. ನಿನ್ನ ಆಯಿಯ ಕಿವಿ ಹೋಗಿದೆ ಎನ್ನುವುದನ್ನು ನರ್ಸ್ ಆದ ಮೊಮ್ಮಗಳು ನೀನೇ ಮರೆತರೆ ನಾನು ಯಾರಿಗೆ ಹೇಳಲಿ? ಎದುರು ನಿಂತು ಗಟ್ಟಿಯಾಗಿ ಹೇಳಿದರೆ ತಿಳಿಯುತ್ತದೆ. ವಿಡಿಯೋದಲ್ಲಿ ಬರೇ ನಿನ್ನ ಬಾಯಿ ಆಡುತ್ತದೆ, ಉಣಕಲ್ ಕೆರೆಯ ಮೀನಿನ ಬಾಯಿ ಆಡಿದ ಹಾಗೆ. ಮೇಲಿನ ಮನೆಯ ನಿರುಪಮಾಳ ಕೈಯಲ್ಲಿ ಫೋನು ಕೊಟ್ಟು 'ಏನಂತಾಳ ಕೇಳವಾ' ಅಂದರೆ, ಸಂಜೆಯೊಳಗೆ ನಮ್ಮ ಮನೆಯ ಸುದ್ದಿ ಓಣಿ ದಾಟಿ ಹೋಗಿರುತ್ತದೆ. ಅದಕ್ಕೇ ಹೇಳುವುದು, ಬರೆ. ಸೇನೆಯವರು ಇಷ್ಟೆಲ್ಲಾ ಕೊಡುತ್ತಾರೆ, ಒಂದು ಪೆನ್ನು ಕೊಡುವುದಿಲ್ಲವೇ?

ಕೊಳ್ಳುವ ಮೊದಲು ನೋಡಿ ಬಾ ಎಂದು ನೀನು ಹೇಳಿದಂತೆ ಮುಗದಕ್ಕೆ ಹೋಗಿ ಕಲ್ಲೇಶನ ಹೊಲ, ದನ ನೋಡಿ ಬಂದೆ. ಇಲ್ಲಿಂದ ಚಿಗರಿ ಬಸ್ಸಿನಲ್ಲಿ ಧಾರವಾಡ, ಅಲ್ಲಿಂದ ಮುಗದದ ಬಸ್ಸು. ಪಕ್ಕದಲ್ಲಿ ಕುಳಿತವನು ತನ್ನ ಗೊಬ್ಬರದ ಚೀಲವನ್ನು ನನ್ನ ಪಾದದ ಮೇಲೆ ಇಟ್ಟು ಊರು ಬರುವತನಕ ನಿದ್ದೆ ಮಾಡಿದ. ಎಬ್ಬಿಸುವಷ್ಟು ತ್ರಾಣ ನನ್ನಲ್ಲಿ ಇರಲಿಲ್ಲ.

ನಾವು ಮುಗದದಲ್ಲಿದ್ದಾಗ ಕಲ್ಲೇಶ ನಮ್ಮ ಮನೆಯ ಹಿತ್ತಲಲ್ಲಿ ಪೇರಲಕಾಯಿ ಕದಿಯುತ್ತಿದ್ದ ಹುಡುಗ. ಈಗ ಕೋಲು ಹಿಡಿದಿದ್ದಾನೆ. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ದನ ನೋಡಿಕೊಳ್ಳಲು ಆಗುವುದಿಲ್ಲವಂತೆ. ಗರಗದಲ್ಲಿರುವ ಮಗಳು ಬಾ ಬಾ ಎನ್ನುತ್ತಾಳಂತೆ. ಹೊಲ, ಮನೆ, ದನ ಎಲ್ಲ ಸೇರಿಸಿ ಒಬ್ಬರಿಗೇ ಕೊಟ್ಟು ಹೋಗುವ ವಿಚಾರ. ಅವನ ಹೆಂಡತಿ ರುಕ್ಮವ್ವ ಚಹಾ ಕೊಟ್ಟಳು. ಚಹಾದಲ್ಲಿ ಬೆಲ್ಲ ಇತ್ತು, ಮುಖದಲ್ಲಿ ಇರಲಿಲ್ಲ. ಅವಳಿಗೆ ಊರು ಬಿಡಲು ಮನಸ್ಸಿಲ್ಲ.

ನಾನು ಸೆರಗು ಸಿಕ್ಕಿಸಿ ಕೊಟ್ಟಿಗೆಗೆ ಹೋಗಿ ಎಮ್ಮೆಗಳ ಬಾಯಿ ತೆರೆದು ಹಲ್ಲು ನೋಡತೊಡಗಿದ್ದಕ್ಕೆ ಕಲ್ಲೇಶನಿಗೆ ಬೇಜಾರಾಯಿತು.

"ಅತ್ತಿ, ಹಲ್ಲು ನೋಡೂದೇನೈತ್ರಿ? ನಾ ಏನ್ ಹೊರಗಿನಾಂವೇನ್ರಿ ನಿಮ್ಗ?"

"ಹೊರಗಿನಾಂವ ಆಗಿದ್ರ ಬರೇ ಎಣಿಸಿ ಹೋಗ್ತಿದ್ನೋ. ನೀ ನಮ್ಮಾಂವ ಅಂತನ ಬಾಯಾಗ ಕೈ ಹಾಕೇನಿ."

ಖರೇ ಹೇಳುತ್ತೇನೆ, ದನ ಛಲೋ ಇವೆ. ಎಲ್ಲ ನಮ್ಮ ಧಾರವಾಡದ ಕಡೆಯ ಎಮ್ಮೆಗಳು, ಕೊಂಬು ಬೆನ್ನಿನತನಕ ಬಾಗಿದವು. ಎರಡು ಹಾಲು ಕೊಡುತ್ತಿವೆ, ಎರಡು ಗಬ್ಬ ಇವೆ, ಒಂದಕ್ಕೆ ವಯಸ್ಸಾಗಿದೆ, ಇನ್ನೊಂದಕ್ಕೆ ಒಂದು ಮೊಲೆ ಬತ್ತಿದೆ. ಬತ್ತಿದ್ದನ್ನು ಅವನು ಹೇಳಲಿಲ್ಲ, ನಾನು ಹಿಂಡಿ ನೋಡಿದೆ. ಎತ್ತು ಎರಡು. ಎಡಗಡೆಯದು ಒದೆಯುತ್ತದೆ. ಅದನ್ನೂ ಅವನು ಹೇಳಲಿಲ್ಲ.

ಆದರೆ ಏಳು ಎಮ್ಮೆ ಎಂದು ನಿನ್ನ ಮುಂದೆ, ನನ್ನ ಮುಂದೆ, ಊರ ಮುಂದೆ ಹೇಳಿದ್ದಾನಲ್ಲ, ನನ್ನ ಲೆಕ್ಕಕ್ಕೆ ಆರೇ ಸಿಕ್ಕವು.

"ಏಳನೇದು ಎಲ್ಲಿ ಐತೋ?"

"ಅಡ್ಡಾಡಾಕ ಹೋಗೈತ್ರಿ, ಬರತೈತಿ."

"ಎಮ್ಮಿ ಏನ್ ಕಟ್ಟಿ ಮ್ಯಾಲೆ ಕೂತು ಹರಟಿ ಹೊಡ್ಯಾಕ ಹೋಗೈತೇನೋ?"

ಕೊನೆಯ ಬಸ್ಸಿನತನಕ ಕಾದೆ. ಬರಲಿಲ್ಲ. ಮುಂದಿನ ಸಲ ಹೋದಾಗ ಅದನ್ನು ನೋಡದೆ ನಾನು ಬಿಡುವುದಿಲ್ಲ.

ಮೇ ತಿಂಗಳಲ್ಲಿ ನಾವಿಬ್ಬರೂ ಒಂದು ಮದುವೆಗೆಂದು ಮುಗದಕ್ಕೆ ಹೋದಾಗ ನೀನು ಆ ಹೊಲದ ಬದುವಿನ ಮೇಲೆ ಬಿಸಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆ ಎಂದು ನಾನು ನೋಡಿದ್ದೇನೆ. ಬಸ್ಸು ಬಂತೆಂದು ಕೂಗಿದರೂ ಕದಲಲಿಲ್ಲ. ನೀನು ಬಾಯಿಬಿಟ್ಟು ಹೇಳಲಿಲ್ಲ, ನಾನು ಕೇಳಲಿಲ್ಲ. ಆದರೂ ನಿನ್ನ ಮನಸ್ಸು ನನಗೆ ತಿಳಿಯಿತು. ಅದಕ್ಕೇ ಮೊಣಕಾಲು ಬೇಡವೆಂದರೂ ಹೋಗುತ್ತಿದ್ದೇನೆ. ಸಂಕ್ರಮಣ ಮುಗಿದ ಮೇಲೆ ಒಲೆ, ಹಂಚು, ಹಿಟ್ಟು ನಾದುವ ಕೊಣಮಿಗೆ, ರೊಟ್ಟಿಯ ಗಿರಾಕಿಗಳು, ಎಲ್ಲವನ್ನೂ ನನ್ನ ಜೊತೆ ರೊಟ್ಟಿ ಬಡಿಯುವ ಕಾವೇರಿಗೆ ಒಪ್ಪಿಸಿ ನಾನು ಮುಗದಕ್ಕೆ ಹೋಗಿ ಇರುತ್ತೇನೆ. ನೀನು ಬರುವ ಹೊತ್ತಿಗೆ ಎಲ್ಲ ಸರಿಯಾಗಿರಬೇಕು.

ಈಗ ಸಾಕು. ಕೈ ನೋಯುತ್ತದೆ.

ನಿನ್ನ ಆಯಿ
ಶಿವಲಿಂಗವ್ವ


ಸೇನಾ ಆಸ್ಪತ್ರೆ, ತೇಜಪುರ, ಅಸ್ಸಾಂ
೨೨ ಸೆಪ್ಟೆಂಬರ್ ೨೦೨೪

ಪ್ರೀತಿಯ ಆಯಿಗೆ,

ನೆಟ್ಟಗೆ ಕುಳಿತೇ ಓದಿದೆ. ನಮ್ಮ ವಾರ್ಡಿನಲ್ಲಿ ಬಿಜಾಪುರದ ಕಡೆಯ ಒಬ್ಬ ಸುಬೇದಾರರಿದ್ದಾರೆ. ಕನ್ನಡದ ಕಾಗದ ನೋಡಿ ಬಹಳ ದಿನವಾಯಿತು ಎಂದರು. ಎಮ್ಮೆ ಹರಟೆ ಹೊಡೆಯಲು ಹೋದ ಭಾಗವನ್ನು ಓದಿ ತೋರಿಸಿದೆ. ಹೊಲಿಗೆ ಬಿಚ್ಚುವ ಹಾಗೆ ನಕ್ಕರು.

ನಿನ್ನ ಮೊಣಕಾಲು ಹೇಗಿದೆ? ಎಣ್ಣೆ ಹಚ್ಚುತ್ತಿದ್ದೀಯಾ? ಬಿಪಿ ಮಾತ್ರೆ ತೀರಿರಬೇಕು, ತರಿಸಿಕೊ. ನಿನಗೆ ಯಾವ ಎಮ್ಮೆ ಹಿಡಿಸಿತು? ಆ ಮನೆಯಲ್ಲಿ ನಿನ್ನ ಮಂಚವನ್ನು ಕಿಟಕಿಯ ಕಡೆಗೆ ಹಾಕಿಸು, ಗಾಳಿ ಬರುತ್ತದೆ.

ಕಾವೇರಿಗೆ ಒಲೆ ಒಪ್ಪಿಸುತ್ತೇನೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ನನ್ನ ಎದೆಯ ಮೇಲಿನ ಭಾರ ಇಳಿಯಿತು. ಬೆಂಕಿಯ ಮುಂದೆ ಕುಳಿತು ಕುಳಿತು ನಿನ್ನ ಕಣ್ಣು ಹಾಳಾದವು. ಈ ವಯಸ್ಸಿನಲ್ಲಿ ಊರ ಖಾನಾವಳಿಗಳಿಗೆ ರೊಟ್ಟಿ ಬಡಿಯುವ ಕರ್ಮ ನಿನಗೆ ಏಕೆ? ನನ್ನ ಮನಸ್ಸು ನಿನಗೆ ತಿಳಿಯಿತು ಎಂದು ಬರೆದದ್ದನ್ನು ಎರಡು ಸಲ ಓದಿದೆ. ನಾನು ಹೇಳದೆಯೇ ನೀನು ತಿಳಿದುಕೊಂಡೆ.

ಹೊಲದ ಹದ್ದುಬಸ್ತು ಮಾಡಿಸು. ಸರ್ವೇಯರ್ ಬಂದು ಗಡಿ ಅಳೆದು ಕಲ್ಲು ತೋರಿಸಿದ ಮೇಲೆಯೇ ಸಂಚಕಾರದ ಮುಂಗಡ ಹಣ ಕೊಡೋಣ. ನನ್ನದೂ ಒಂದು ಸುದ್ದಿ ಇದೆ. ಬಂದಾಗ ಹೇಳುತ್ತೇನೆ.

ನಿನ್ನ
ವಾಣಿ


ಉಣಕಲ್
೫ ಅಕ್ಟೋಬರ್ ೨೦೨೪

ವಾಣಿ,

ಒಂದು ಅಂಗೈ ಅಗಲದ ಕಾಗದ, ಅದರಲ್ಲಿ ಅರ್ಧ ನನ್ನ ಮೊಣಕಾಲು, ಇನ್ನರ್ಧ ನನ್ನ ಮಂಚ. ನಿನ್ನ ಸುದ್ದಿ ಎಂದರೆ ಒಂದು ಸಾಲು, ಅದೂ ಬಂದಾಗ ಹೇಳುತ್ತೇನೆ ಎಂದು. ಹುಡುಗನ ಸುದ್ದಿಯಾಗಿದ್ದರೆ ಈಗಲೇ ಬರೆ. ಎಮ್ಮೆಯ ಹಲ್ಲು ನೋಡಿದವಳು ಅವನದನ್ನೂ ನೋಡಿಯೇ ಒಪ್ಪುತ್ತೇನೆ.

ಏಳನೆಯ ಎಮ್ಮೆ ಸಿಕ್ಕಿತು.

ಮೊನ್ನೆ ಹೋದಾಗ ಕಲ್ಲೇಶ ಮತ್ತೆ ಅದೇ ರಾಗ ತೆಗೆದ. ನಾನು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಎಮ್ಮೆಯ ಮುಖ ನೋಡದೆ ಏಳುವುದಿಲ್ಲ ಎಂದೆ. ಅವನು ಅತ್ತ ಇತ್ತ ನೋಡಿ, ಕೋಲು ಊರುತ್ತ, ಕೆಳಗಿನ ಓಣಿಯ ಗುಲ್ಜಾರಬಿಯ ಮನೆಗೆ ಕರೆದುಕೊಂಡು ಹೋದ. ನಿನಗೆ ನೆನಪಿರಲಿಕ್ಕಿಲ್ಲ, ನೀನು ಕೂಸಿದ್ದಾಗ ನಿನ್ನ ತೊಟ್ಟಿಲಿಗೆ ಕೌದಿ ಹೊಲಿದು ಕೊಟ್ಟವಳು. ಈಗ ಅವಳೂ ನನ್ನ ಹಾಗೆ ಗಂಡ ಇಲ್ಲದವಳು. ಮಗ ಮುಷರಫನಿಗೆ ಕಲ್ಲೇಶನ ಹೊಲಕ್ಕೆ ಹತ್ತಿಕೊಂಡೇ ಒಂದು ತುಂಡು ಹೊಲ ಇದೆ.

ಅಂಗಳದಲ್ಲಿ ಬೇಲಿಗೆ ಬೆನ್ನು ಕೊಟ್ಟು ನಿಂತಿತ್ತು ನೋಡು! ಏನು ಮೈ, ಏನು ಕೊಂಬು! ಉಳಿದ ಆರನ್ನೂ ಒಂದು ಕಡೆ ನಿಲ್ಲಿಸಿ ಇದೊಂದನ್ನೇ ಇನ್ನೊಂದು ಕಡೆ ನಿಲ್ಲಿಸಬಹುದು. ಎರಡನೆಯ ಸಲ ಗಬ್ಬ ಇದೆ. ಈ ಎಮ್ಮೆಯನ್ನು ಯಾಕೆ ಬಚ್ಚಿಟ್ಟ ಎಂದು ನನಗೆ ತಿಳಿಯಲಿಲ್ಲ. ಗುಲ್ಜಾರಬಿ ಒಳಗಿನಿಂದ ಬಂದಳು. ಬಂದವಳು ನನಗೆ ಕುಳಿತುಕೋ ಅನ್ನಲಿಲ್ಲ, ಹೋಗಿ ಎಮ್ಮೆಯ ಕೊರಳಿಗೆ ಕೈ ಹಾಕಿ ನಿಂತಳು.

"ಶಿವಲಿಂಗಕ್ಕಾ, ಹೊಲಾ ತಗೊಳ್ಳಾಕತ್ತೀಯಂತ. ಛಲೋ ಆತು. ಈ ಎಮ್ಮಿ ನಿನ್ನ ಲೆಕ್ಕದಾಗ ಹಿಡಿಬ್ಯಾಡ."

"ಯಾಕ?"

"ಕೇಳು ಈ ಭಾಡ್ಯಾನ್ನ. ಕರಾ ಇದ್ದಾಗ ಪಾಲಿಗೆ ಕೊಟ್ಟಾನಿಲ್ಲೋ ನನಗ?"

ನಿನಗೆ ಪಾಲು ಎಂದರೆ ಗೊತ್ತಿರಲಿಕ್ಕಿಲ್ಲ. ದನ ಇದ್ದವರು ಹೆಣ್ಣು ಕರು ಹುಟ್ಟಿದಾಗ ಅದನ್ನು ಸಾಕುವ ತಾಳ್ಮೆ ಇದ್ದವರಿಗೆ ಕೊಡುತ್ತಾರೆ. ಸಾಕುವವರು ಮೇವು ಹಾಕಿ, ರೋಗ ರುಜಿನ ನೋಡಿ, ದೊಡ್ಡದು ಮಾಡಬೇಕು. ಅದು ಈಯುವ ಹೊತ್ತಿಗೆ ಅರ್ಧ ಎಮ್ಮೆ ಕೊಟ್ಟವರದು, ಅರ್ಧ ಸಾಕಿದವರದು. ಒಂದು ಕರು ಅವರಿಗೆ, ಒಂದು ಇವರಿಗೆ. ಇದಕ್ಕೆ ಕಾಗದ ಪತ್ರ ಏನೂ ಇಲ್ಲ. ಊರಿಗೆ ಗೊತ್ತಿರುತ್ತದೆ, ಅಷ್ಟೇ. ಕೊಟ್ಟವನು ಕೈ ಎತ್ತಿದರೆ ಸಾಕಿದವಳು ಎಲ್ಲಿಗೂ ಹೋಗಿ ಕೇಳುವಂತಿಲ್ಲ.

ಕಲ್ಲೇಶ ನೆಲ ನೋಡುತ್ತ ಅಂದ, "ಅತ್ತಿ, ಏಳು ಎಮ್ಮಿ ಅಂತ ಬಾಯಿ ಬಿಟ್ಟು ಹೇಳಿಬಿಟ್ಟೇನ್ರಿ. ಅರ್ಧಾ ನನ್ನದ ಐತೆಲ್ರಿ, ಮತ್ತ ಸುಳ್ಳ ಏನ್ ಹೇಳಿದೆ?"

"ಹಂಗಾರ ಆರೂವರಿ ಅನ್ನಬೇಕಿತ್ತಲ್ಲೋ!" ಅಂದೆ. ಗುಲ್ಜಾರಬಿ ನಕ್ಕಳು. ಆದರೆ ಎಮ್ಮೆಯ ಕೊರಳಿನಿಂದ ಕೈ ತೆಗೆಯಲಿಲ್ಲ. ನಾವು ಹೊರಟು ಓಣಿ ತಿರುಗಿದಾಗ ಹೊರಳಿ ನೋಡಿದೆ. ಆಗಲೂ ತೆಗೆದಿರಲಿಲ್ಲ.

ಈಗ ಏನು ಮಾಡಬೇಕು ಹೇಳು. ಎಮ್ಮೆ ಬಿಟ್ಟರೆ ನಿನಗೆ ಆ ದನಗಳಲ್ಲಿ ಒಳ್ಳೆಯದು ತಪ್ಪುತ್ತದೆ. ಹಿಡಿದರೆ ಅವಳ ಕೈಯಿಂದ ಹಗ್ಗ ಕಸಿದುಕೊಂಡ ಹಾಗೆ. ನಾಳೆ ಆ ಊರಲ್ಲಿ ಇರಬೇಕಾದವರು ನಾವು.

ಕಾವೇರಿ ಎರಡು ದಿನದಿಂದ ನನ್ನೊಡನೆ ಮಾತಾಡಿಲ್ಲ. ಎದುರು ಕುಳಿತು ರೊಟ್ಟಿ ಬಡಿಯುತ್ತಾಳೆ. ಕಿವಿ ಕೇಳದಿದ್ದರೂ ಅವಳ ಸಿಟ್ಟು ನೆಲದ ಮೂಲಕ ನನಗೆ ತಿಳಿಯುತ್ತದೆ. ಧಾರವಾಡದ ಒಂದು ದೊಡ್ಡ ಖಾನಾವಳಿಯವರು ಬಂದು ದಿನಾ ರೊಟ್ಟಿ ಬೇಕು ಎಂದು ಕೇಳಿದ್ದರು. ಸಂಕ್ರಮಣದ ಮೇಲೆ ನಾನು ಇರುವುದಿಲ್ಲ ಎಂದು ಹೇಳಿ ಕಳಿಸಿದೆ. ಅದಕ್ಕೇ ಸಿಟ್ಟು. ಇರಲಿ, ನೀನು ಅದನ್ನು ತಲೆಗೆ ಹಚ್ಚಿಕೊಳ್ಳಬೇಡ.

ಲಗೂ ಬರೆ.

ಆಯಿ


ಉಣಕಲ್
೨೧ ಅಕ್ಟೋಬರ್ ೨೦೨೪

ವಾಣಿ,

ದಸರೆ ಹೋಯಿತು, ಸೀಗಿ ಹುಣ್ಣಿಮೆ ಹೋಯಿತು. ನಿನ್ನ ಕಾಗದ ಬರಲಿಲ್ಲ. ಟಪಾಲಿನವನು ನನ್ನನ್ನು ಕಂಡರೆ ಸೈಕಲ್ಲಿನ ಮೇಲೆ ಮುಖ ಆ ಕಡೆ ತಿರುಗಿಸಿಕೊಂಡು ಹೋಗುತ್ತಾನೆ. ನಿನ್ನ ತಪ್ಪಿಗೆ ಆ ಬಡಪಾಯಿ ಬೈಗುಳ ತಿನ್ನಬೇಕಾಗಿದೆ.

ಗಡಿ ಅಳೆಯುವುದು ಮುಗಿಯಿತು. ನನ್ನ ಮಾನವೂ ಅದರ ಜೊತೆಗೇ ಮುಗಿಯಿತು.

ಸರ್ವೇಯರ್ ಎಂದರೆ ಮೀಸೆ ಇದ್ದವನು ಸರಪಳಿ ಹಿಡಿದು ಬರುತ್ತಾನೆ ಎಂದುಕೊಂಡಿದ್ದೆ. ಬಂದವಳು ಸ್ನೇಹಲ್ ಅಂತ ಒಬ್ಬ ಹುಡುಗಿ. ಪ್ಯಾಂಟು, ಕೆಸರಿನ ಬೂಟು, ಮೂರು ಕಾಲಿನ ಮೇಲೆ ನಿಲ್ಲುವ ಒಂದು ಮಶೀನು. ಮಳೆ ನಿಂತು ನಾಲ್ಕು ದಿನವಾಗಿದ್ದರೂ ಭತ್ತದ ಗದ್ದೆಯ ಬದು ಜಾರುತ್ತಿತ್ತು. ಅವಳು ಮುಂದೆ, ನಾನು ಅವಳ ಹಿಂದೆ, ಕಲ್ಲೇಶ ಕೋಲು ಊರಿಕೊಂಡು ನನ್ನ ಹಿಂದೆ. ಮೂರು ದಿಕ್ಕಿನ ಗಡಿ ಸರಿ ಬಂತು. ಬಡಗಣ ದಿಕ್ಕಿಗೆ ಬಂದಾಗ ಮುಷರಫ ತನ್ನ ಹೊಲದಲ್ಲಿ ನಿಂತಿದ್ದ.

ಅಲ್ಲಿ ಒಂದು ದೊಡ್ಡ ಬೇವಿನ ಗಿಡ ಇದೆ. ನಾನು ಮದುವೆಯಾಗಿ ಆ ಊರಿಗೆ ಬಂದಾಗಿನಿಂದ ಆ ಬೇವಿನ ಬುಡದಲ್ಲೇ ಗಡಿಯ ಕಲ್ಲು. ಈಗ ನೋಡಿದರೆ ಮುಷರಫನ ಬೆಳೆ ಬೇವಿನಿಂದ ಈಚೆಗೆ ಎಷ್ಟೋ ಮಾರು ಬಂದುಬಿಟ್ಟಿದೆ. ನನಗೆ ತಡೆಯಲಾಗಲಿಲ್ಲ.

"ಏನೋ ಮುಷರಫಾ, ವರ್ಷಕ್ಕೊಂದು ಸಾಲು ಬದು ತಿಂದು ತಿಂದು ಇಲ್ಲಿತನಾ ಬಂದೀಯಲ್ಲೋ! ಮುದುಕ್ರ ಹೊಲಾ ಅಂತ ಕೇಳಾವ್ರು ಯಾರೂ ಇಲ್ಲ ಅನ್ಕೊಂಡಿಯೇನು?"

"ಆಯಿ, ಹಂಗ ಅನಬ್ಯಾಡ್ರಿ. ನಮ್ಮಪ್ಪ ಎಲ್ಲಿತನಾ ಬಿತ್ತಿದ್ನೋ ಅಲ್ಲಿತನಾನ ಬಿತ್ತೇನ್ರಿ ನಾ."

"ನಿಮ್ಮಪ್ಪನ ಹೆಸರು ತಗೀಬ್ಯಾಡ. ಅಂವ ಛಲೋ ಮನಷಾ ಇದ್ದ."

ಹೊಲದಲ್ಲಿದ್ದವರೆಲ್ಲ ಕೆಲಸ ಬಿಟ್ಟು ಕೇಳುತ್ತಿದ್ದರು. ನನಗೆ ಕಿವಿ ಇಲ್ಲದ್ದರಿಂದ ನನ್ನ ದನಿ ಎಷ್ಟು ಏರಿತೋ ನನಗೆ ತಿಳಿಯಲಿಲ್ಲ. ಸ್ನೇಹಲ್ ಮಶೀನಿನಲ್ಲಿ ಕಣ್ಣಿಟ್ಟು ನೋಡಿದಳು, ನಡೆದಳು, ಮತ್ತೆ ನೋಡಿದಳು. ಕಡೆಗೆ ಬೇವಿನಿಂದ ಬಹಳ ಈಚೆಗೆ, ಮುಷರಫನ ಬೆಳೆ ಎಲ್ಲಿ ಮುಗಿಯುತ್ತದೋ ಅಲ್ಲಿ ನಿಂತು, ಆಳಿಗೆ ಇಲ್ಲಿ ಅಗೆ ಎಂದು ತೋರಿಸಿದಳು. ಮೊಣಕೈ ಆಳದಲ್ಲಿ ಕಲ್ಲು ಸಿಕ್ಕಿತು. ಕಲ್ಲಿನ ತಲೆಯ ಮೇಲೆ ಗುರುತು ಕೂಡ ಇತ್ತು.

"ಅಜ್ಜಿ, ನೀವು ಹೇಳೋ ಬೇವಿನ ಗಿಡ ಇದಲ್ರಿ," ಎಂದು ನನ್ನ ಕಿವಿಯ ಹತ್ತಿರ ಬಂದು ಕೂಗಿ ಹೇಳಿದಳು. "ಇದು ಅಷ್ಟು ಹಳೇದಿಲ್ರಿ."

ಕಲ್ಲೇಶ ಆಗ ಬಾಯಿಬಿಟ್ಟ. ಹಳೆಯ ಬೇವು ಗಾಳಿಗೆ ಬಿದ್ದು ಎಷ್ಟೋ ವರ್ಷವಾಯಿತಂತೆ. ಇದು ಅದರ ಬೀಜದಿಂದ ದೂರ ಎದ್ದ ಗಿಡವಂತೆ. ಮೊದಲೇ ಹೇಳಬಾರದಿತ್ತೇನೋ ಅಂದರೆ, "ನೀವು ಬೈಯಾಕತ್ತಿದ್ರೆಲ್ರಿ, ನಡುವ ಹೆಂಗ ಬಾಯಿ ಹಾಕ್ಲಿ?" ಅನ್ನುತ್ತಾನೆ.

ಮುಷರಫನ ಮುಂದೆ ನಿಂತು ತಪ್ಪಾಯಿತಪ್ಪಾ ಅಂದೆ. ಅವನು ತಲೆ ಆಡಿಸಿ ಕೆಲಸಕ್ಕೆ ಹೋದ. ಅವನು ಎದುರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಬಸ್ಸಿಗೆ ಕಾಯುವಾಗ ಗುಲ್ಜಾರಬಿ ಚಹಾದ ಕಪ್ಪು ಹಿಡಿದುಕೊಂಡು ಬಂದಳು.

"ನನ್ನ ಮಗನ್ನ ಕಳ್ಳ ಮಾಡಿದ್ಯಂತ, ಅಕ್ಕಾ. ಬಾಯಿ ಒಣಗಿರಬೇಕು. ತಗೋ, ಕುಡಿ."

ಕುಡಿದೆ. ಕೊಟ್ಟವಳ ಮುಖ ನೋಡಲಿಲ್ಲ.

"ಎಮ್ಮಿ ಏನ್ ಮಾಡ್ತಿ?" ಅಂದಳು.

"ಮೊಮ್ಮಗಳು ಬರೀಲಿ, ತಡಿ," ಅಂದೆ.

ಈಗ ಮುಖ್ಯದ್ದು ಕೇಳು, ವಾಣಿ. ಕಲ್ಲೇಶನಿಗೆ ಇನ್ನೊಬ್ಬ ಗಿರಾಕಿ ಬಂದಿದ್ದಾನೆ, ಧಾರವಾಡದವನು. ಅವನಿಗೆ ನೆಲ ಬೇಕು, ದನ ಬೇಡ. ಕಲ್ಲೇಶ ನಿನ್ನ ಮಾತಿಗಾಗಿ ಅವನನ್ನು ತಡೆದು ನಿಲ್ಲಿಸಿದ್ದಾನೆ. ದೀಪಾವಳಿ ಮುಗಿದ ಮೇಲೆ ಸಂಚಕಾರ ಕೊಡಬೇಕು. ನಾನು ಆ ಮನೆಗೆ ಹೋದ ಮೇಲೆ ಒಬ್ಬಳೇ ಎಷ್ಟು ದಿನ ತಳ್ಳಬೇಕು, ನಿನ್ನನ್ನು ಅಲ್ಲಿಂದ ಯಾವಾಗ ಬಿಡುತ್ತಾರೆ, ಅದನ್ನು ಬರೆ. ಮೊನ್ನೆ ಬದುವಿನ ಮೇಲಿನಿಂದ ಇಳಿಯುವಾಗ ಆ ಸರ್ವೇದ ಹುಡುಗಿ ನನ್ನ ರಟ್ಟೆ ಹಿಡಿಯದಿದ್ದರೆ ನಾನೂ ಕಲ್ಲೇಶನ ಹಾಗೆ ಕೋಲು ಹಿಡಿಯುತ್ತಿದ್ದೆ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಬರೆದು ಹೋಯಿತು.

ಆಯಿ


ತೇಜಪುರ
೨ ನವೆಂಬರ್ ೨೦೨೪

ಪ್ರೀತಿಯ ಆಯಿಗೆ,

ನಿನ್ನ ಎರಡೂ ಕಾಗದ ಒಟ್ಟಿಗೇ ಕೈಗೆ ಬಂದವು. ನಾನು ಗಡಿಯ ಕಡೆಯ ಸೇನಾ ಠಾಣೆಯೊಂದಕ್ಕೆ ಹೋಗಿದ್ದೆ, ಮೂರು ವಾರ. ಅಲ್ಲಿಗೆ ಟಪಾಲು ಬರುವುದಿಲ್ಲ. ಕ್ಷಮಿಸು.

ನೀನು ಜಾರಿದ್ದನ್ನು ಓದಿ ಹೆದರಿಕೆಯಾಯಿತು. ಇನ್ನು ಬದು ಹತ್ತಬೇಡ. ಮನೆ ಕೈಗೆ ಬಂದ ಕೂಡಲೇ ಒಬ್ಬ ಆಳನ್ನು ಇಡೋಣ. ಹೆಂಡಿ ಬಳಿಯುವುದು, ಮೇವು ಹಾಕುವುದು ಅವನ ಕೆಲಸ. ನೀನು ಹಾಲು ಹಿಂಡಿಕೊಂಡು, ಎಮ್ಮೆಗಳನ್ನು ಮಾತಾಡಿಸಿಕೊಂಡು ಆರಾಮಾಗಿ ಇರು. ಗುಲ್ಜಾರಬಿಯವರ ಅರ್ಧಕ್ಕೆ ಎಷ್ಟಾಗುತ್ತದೋ ಕೇಳಿ ಕೊಟ್ಟು, ಎಮ್ಮೆಯನ್ನು ಬಿಡಿಸಿಕೊಂಡುಬಿಡು. ಅದರಲ್ಲಿ ಅಷ್ಟು ಯೋಚಿಸುವುದು ಏನಿದೆ?

ಯಾವಾಗ ಬಿಡುತ್ತಾರೆ ಎಂದು ಕೇಳಿದ್ದೀಯ. ಬಂದಾಗ ಹೇಳಬೇಕು ಎಂದಿದ್ದ ಸುದ್ದಿ ಅದೇ. ನನ್ನನ್ನು ಇನ್ನೂ ಐದು ವರ್ಷ ಮುಂದುವರಿಸಿದ್ದಾರೆ, ವಾರ್ಡಿನ ಉಸ್ತುವಾರಿಯನ್ನೂ ಕೊಟ್ಟಿದ್ದಾರೆ. ಮೇ ತಿಂಗಳಲ್ಲಿ ಆ ಬದುವಿನ ಮೇಲೆ ನಿಂತಿದ್ದೆನಲ್ಲ, ಅಲ್ಲೊಂದೇ ಕಡೆ ಮೊಬೈಲಿಗೆ ಸಿಗ್ನಲ್ ಸಿಗುತ್ತಿತ್ತು. ಈ ಆರ್ಡರು ಬಂತೋ ಇಲ್ಲವೋ ಎಂದು ನೋಡುತ್ತಿದ್ದೆ. ಹೇಳಿದರೆ ನಿನಗೆ ಬೇಸರವಾಗುತ್ತದೆ ಎಂದು ಬಾಯಿ ಬಿಡಲಿಲ್ಲ. ಅದೇ ದಿನ ನೀನು ಕಲ್ಲೇಶಣ್ಣನ ಎಮ್ಮೆಯ ಕೊರಳು ಕೆರೆಯುತ್ತ ನಿಂತಿದ್ದೆ. ಬಸ್ಸಿನಲ್ಲಿ ಉಣಕಲ್ ಬರುವತನಕ ಒಂದು ಮಾತೂ ಆಡಲಿಲ್ಲ. ಈ ಜೀವ ಊರಿಗೆ, ಎಮ್ಮೆಗೆ ಹಂಬಲಿಸುತ್ತಿದೆ, ನನ್ನಿಂದಾಗಿ ಪೇಟೆಯಲ್ಲಿ ಸಿಕ್ಕಿಕೊಂಡಿದೆ ಎನ್ನಿಸಿತು. ನಾನು ಹತ್ತಿರ ಇರಲಾರೆ, ಇದನ್ನಾದರೂ ಕೊಡಿಸುತ್ತೇನೆ ಎಂದು ಅಂದೇ ನಿಶ್ಚಯ ಮಾಡಿದೆ.

ರಜೆಗೆ ಬಂದಾಗಲೆಲ್ಲ ನಿನ್ನ ಎಮ್ಮೆಯ ಹಾಲು ಕುಡಿದು ಹೋಗುತ್ತೇನೆ.

ನಿನ್ನ
ವಾಣಿ


ಉಣಕಲ್
೧೪ ನವೆಂಬರ್ ೨೦೨೪

ವಾಣಿ,

ರಜೆಗೆ. ಆ ಶಬ್ದದ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕುಳಿತೆ. ಹಂಚಿನ ಮೇಲಿನ ರೊಟ್ಟಿ ಸುಟ್ಟಿತು. ಕಾವೇರಿ ಹತ್ತಿರ ಬಂದು ಕೂಗಿದಳು.

"ಯಾಕ ಆಯಿ, ಯಾರರ ಸತ್ತರೇನು?"

"ಯಾರೂ ಸತ್ತಿಲ್ಲ. ನಾ ಅಕಿ ಸಲುವಾಗಿ, ಅಕಿ ನನ್ನ ಸಲುವಾಗಿ, ಇಬ್ರಿಗೂ ಬ್ಯಾಡಾದ ಹೊಲಾ ಕೊಳ್ಳಾಕ ಹೊಂಟಿದ್ವಿ."

ಅ‌ವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹಿಟ್ಟಿನ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ದಣಿವಾಯಿತು. ಎರಡು ತಿಂಗಳು ಆ ಬಸ್ಸು, ಆ ಬದು, ಆ ಕೆಸರು.

ಕೇಳು. ಮೇ ತಿಂಗಳಲ್ಲಿ ನಾನು ಬಸ್ಸಿನಲ್ಲಿ ಮಾತಾಡದೆ ಕುಳಿತದ್ದು ನನ್ನ ದವಡೆಯ ಹಲ್ಲು ನೋಯುತ್ತಿತ್ತೆಂದು. ಮದುವೆ ಮನೆಯ ಕರದಂಟಿನ ಚೂರು ಅದರಲ್ಲಿ ಸಿಕ್ಕಿತ್ತು. ಹೇಳಿದರೆ ನೀನು ಆ ಕ್ಷಣವೇ ದವಾಖಾನೆಗೆ ಎಳೆದುಕೊಂಡು ಹೋಗುತ್ತಿ ಎಂದು ಸುಮ್ಮನಿದ್ದೆ. ಎಮ್ಮೆಯ ಕೊರಳು ಕೆರೆದದ್ದು ಖರೇ. ಎಮ್ಮೆ ಬಂದು ಎದುರಿಗೆ ಕೊರಳು ಚಾಚಿದರೆ ಕೆರೆಯದೆ ಮತ್ತೇನು ಮಾಡಲಿ, ನಮಸ್ಕಾರ ಮಾಡಲೇ?

ಎಮ್ಮೆ ಕಟ್ಟಿದ ವರ್ಷಗಳಲ್ಲಿ ನಾನು ತವರಿಗೆ ಹೋಗಿ ಒಂದು ರಾತ್ರಿ ಉಳಿದವಳಲ್ಲ. ನನ್ನ ತಂಗಿಯ ಮದುವೆಯ ಊಟ ಬಿಟ್ಟು ಸಂಜೆಯ ಹಾಲಿಗೆ ಓಡಿ ಬಂದವಳು. ನಿನ್ನಪ್ಪನಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿ ಎಮ್ಮೆ ಮಾರಿದ ದಿನ ಎಲ್ಲರೂ ನನ್ನನ್ನು ಸಮಾಧಾನ ಮಾಡಲು ಬಂದರು. ನಾನು ಬಾಗಿಲು ಹಾಕಿಕೊಂಡು ಹಗಲೇ ಮಲಗಿ ನಿದ್ದೆ ಮಾಡಿದೆ. ಎಂಥ ನಿದ್ದೆ ಅಂತಿ!

ರೊಟ್ಟಿ ಬಡಿಯುವುದು ಕರ್ಮ ಎಂದು ಬರೆದಿದ್ದಿ. ಅದು ನನಗೆ ಬಹಳ ಚುಚ್ಚಿತು. ಶಿವಲಿಂಗವ್ವನ ರೊಟ್ಟಿ ಎಂದರೆ ಈ ಕಡೆ ಖಾನಾವಳಿಯವರು ಎದ್ದು ನಿಲ್ಲುತ್ತಾರೆ. ನಾನು ಒಲೆಯ ಮುಂದೆ ಕುಳಿತರೆ ಉಂಟು, ಬಿಟ್ಟರೆ ಇಲ್ಲ ಅನ್ನುವಂಥ ಕೆಲಸ ನನ್ನ ಜೀವಮಾನದಲ್ಲಿ ಇದೊಂದೇ. ಅದನ್ನು ಬಿಟ್ಟುಕೊಡಲು ಹೊರಟದ್ದು ನಿನಗಾಗಿ. ಧಾರವಾಡದ ಖಾನಾವಳಿಯವರಿಗೆ ಮರುದಿನವೇ ಹೂಂ ಎಂದು ಹೇಳಿ ಕಳಿಸಿದ್ದೇನೆ.

ಆದರೆ ಇದರ ಬೆಲೆ ನಾವಿಬ್ಬರೇ ತೆರಲಿಲ್ಲ. ಸೋಮವಾರ ಮುಗದಕ್ಕೆ ಹೋಗಿ ಕಲ್ಲೇಶನಿಗೆ ಹೊಲ ಬೇಡ ಎಂದೆ. ಕಿವುಡಿಯಾದ ನನಗೂ ಕೇಳುವ ಹಾಗೆ ಕೂಗಿದ.

"ನಾಲಿಗಿ ಒಂದ ಐತೇನ್ರಿ ಅತ್ತಿ ನಿಮ್ಗ, ಎರಡ ಅದಾವೇನ್ರಿ? ನಿಮ್ಮ ಮಾತು ನಂಬಿ ಬಂದ ಗಿರಾಕಿಗೆ ತಡಿಯಪಾ ತಡಿಯಪಾ ಅಂದೆ. ಹಲ್ಲು ನೋಡಿದ್ರಿ, ಮೊಲಿ ಹಿಂಡಿದ್ರಿ, ಬದು ಅಳಸಿದ್ರಿ, ಊರ ಮಂದಿನ್ನ ಬೈದ್ರಿ, ಈಗ ಒಲ್ಲೆ ಅಂತೀರಿ!"

ರುಕ್ಮವ್ವ ಈ ಸಲ ಚಹಾ ಕೊಡಲಿಲ್ಲ. ನೆಲ ಆ ಧಾರವಾಡದವನಿಗೆ ಹೋಗುತ್ತದೆ. ಅವನಿಗೆ ದನ ಬೇಕಿಲ್ಲದ್ದರಿಂದ ಅವು ಶನಿವಾರ ಹುಬ್ಬಳ್ಳಿಯ ಸಂತೆಗೆ ಹೋಗುತ್ತವೆ. ಕೊಟ್ಟಿಗೆಯ ಮುಂದಿನಿಂದಲೇ ಹಾದು ಬರಬೇಕಿತ್ತು. ಆ ಮುದಿ ಎಮ್ಮೆ ನನ್ನ ಗುರುತು ಹಿಡಿದು ಕೊರಳು ಚಾಚಿತು. ಕೆರೆದೆ. ಅದು ಯಾರ ಕೈ ಸೇರುತ್ತದೋ, ಆ ಪಾಪ ನನ್ನ ತಲೆಯ ಮೇಲೆ ಇದೆ.

ಏಳನೆಯದನ್ನೂ ಸಂತೆಗೆ ಹೊಡೆಯಬೇಕೆಂದು ಕಲ್ಲೇಶ ಹೇಳಿದ. ಮಾರಿ ಬಂದದ್ದರಲ್ಲಿ ಅರ್ಧ ಗುಲ್ಜಾರಬಿಗೆ ಕೊಟ್ಟರಾಯಿತು ಎಂದ. ನ್ಯಾಯದ ಮಾತೇ. ನೀನೂ ಅದನ್ನೇ ಬರೆದಿದ್ದಿ, ಅರ್ಧ ಕೊಟ್ಟು ಬಿಡಿಸಿಕೋ ಎಂದು. ಕೊರಳಿನ ಮೇಲೆ ಅವಳ ಕೈ ಇದ್ದದ್ದನ್ನು ನೀನು ನೋಡಿಲ್ಲ. ನಾನು ಕಲ್ಲೇಶನ ಅರ್ಧವನ್ನು ನನ್ನ ರೊಟ್ಟಿಯ ಗಂಟಿನಿಂದ ಕೊಂಡುಕೊಂಡೆ. ಅವನು ನನ್ನ ಮುಖ ನೋಡದೆ, ಆಗಲಿ ಅನ್ನು ಅವರಿಗೆ ಎಂದು ರುಕ್ಮವ್ವನ ಕೈಯಲ್ಲಿ ಹೇಳಿಸಿದ.

ಎಮ್ಮೆ ಅಲ್ಲೇ ಗುಲ್ಜಾರಬಿಯ ಅಂಗಳದಲ್ಲೇ ಇರುತ್ತದೆ. ಹೋಗಿ ಅವಳಿಗೆ ಹೇಳಿದೆ.

"ಅಕ್ಕಾ, ಯಾವ ಕಡೆ ಅರ್ಧಾ ತಗೊಂಡಿ? ಬಾಯಿ ಕಡೀದೋ, ಬಾಲದ ಕಡೀದೋ?"

"ನಿನಗ ಯಾವುದು ಬ್ಯಾಡೋ ಅದು."

"ಹಂಗಾರ ನೀ ಬಾಯಿ ಕಡೀದು ಇಟ್ಕೋ. ಹಿಂಡಿ ಚೀಲ ನೀನ ಕಳಸು."

ಮುಷರಫ ಬಸ್ಸಿನತನಕ ನನ್ನ ಚೀಲ ಹಿಡಿದು ಬಂದ. ಬಸ್ಸು ಹತ್ತುವಾಗ ರಟ್ಟೆ ಹಿಡಿದ.

ಈಗ ನಿನ್ನ ಲೆಕ್ಕ. ಐದು ವರ್ಷ ಮುಂದುವರಿಸಿದ್ದಕ್ಕೆ ನನಗೆ ಬೇಸರ ಇಲ್ಲ. ಮುಚ್ಚಿಟ್ಟದ್ದಕ್ಕೆ ಇದೆ. ನಿನ್ನಪ್ಪ ಅವ್ವ ಹೋದ ಮೇಲೆ ಇಬ್ಬರೇ ಉಳಿದೆವೆಂದು ನೀನು ನನ್ನನ್ನು ಗಾಜಿನ ಭರಣಿಯ ಹಾಗೆ ಹಿಡಿಯುತ್ತಿ, ನಾನು ನಿನ್ನನ್ನು ಹಾಗೇ ಹಿಡಿಯುತ್ತೇನೆ. ನಿನ್ನ ಕಾಗದಗಳನ್ನು ಮತ್ತೆ ಓದಿದೆ. ನನ್ನ ಕಾಲು, ನನ್ನ ಕಣ್ಣು, ನನ್ನ ಮಂಚ, ನನ್ನ ಮಾತ್ರೆ. ನೀನು ಎಲ್ಲಿದ್ದಿ ಅದರಲ್ಲಿ? ಮೂರು ವಾರ ಯಾವ ಠಾಣೆಗೆ ಹೋಗಿದ್ದಿ? ಅಲ್ಲಿ ಏನು ನೋಡಿದಿ? ಆ ವಾರ್ಡು ನಿನಗೆ ನನ್ನ ರೊಟ್ಟಿಯ ಒಲೆಯಂಥದೋ, ಅಥವಾ ನಾನು ಬಿಟ್ಟು ಬಂದ ಎಮ್ಮೆಗಳಂಥದೋ? ಆ ಆರ್ಡರು ಮೊಬೈಲಿನಲ್ಲಿ ಬಂದಾಗ ನಿನಗೆ ಸಂತೋಷವಾಯಿತೋ, ಇನ್ನೂ ಐದು ವರ್ಷವೇ ಅನ್ನಿಸಿತೋ? ಇದನ್ನು ನಾನು ಊಹೆ ಮಾಡುವುದಿಲ್ಲ. ಊಹೆ ಮಾಡಿ ಇಬ್ಬರೂ ಸಾಕಷ್ಟು ಬದು ತುಳಿದಾಯಿತು.

ನಿನ್ನ ಬಗ್ಗೆ ಬರೆ. ನನ್ನ ಮೊಣಕಾಲು ಎಂಬ ಶಬ್ದ ಕಂಡರೆ ಅಲ್ಲಿಗೇ ಓದುವುದನ್ನು ನಿಲ್ಲಿಸಿ ಕಾಗದವನ್ನು ಒಲೆಗೆ ಹಾಕುತ್ತೇನೆ. ಎರಡು ಹಾಳೆಗಿಂತ ಕಡಿಮೆಯಾದರೂ ಅದೇ ಗತಿ. ಡಿಸೆಂಬರ್ ಹುಟ್ಟುವ ಮೊದಲು ಬರೆದು ಟಪಾಲಿಗೆ ಹಾಕು.

ನಿನ್ನ ಆಯಿ
ಶಿವಲಿಂಗವ್ವ